ಹಳೇ ಮನೆಯ ಪೇಂಟ್ ಕೆರೆಯೋ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಲಿ ಹಳೇ ಮರದ ಬಾಗಿಲಿಗೆ ಎಣ್ಣೆ ಹಚ್ಚೋದರ ಬಗ್ಗೆ ಬರೀತಾ ಕೊನೇಲಿ ಒಂದು ಸಾಲು ಸೇರಿಸಿದ್ದೆ, ಹಳೇ ಪೇಂಟ್ ಕೆರೆಯೋ ಮುಂಚೆ ಅದರಲ್ಲಿ ಸೀಸ, ಅಂದ್ರೆ ಲೆಡ್ ಅನ್ನೋ ವಿಷದ ಲೋಹ, ಇದೆಯಾ ಅಂತ ನೋಡ್ಕೊಳ್ಳಿ ಅಂತ. ಲೇಖನದ ಉಳಿದ ಭಾಗ ಯಾರೂ ಓದಿದ ಹಾಗಿಲ್ಲ, ಪತ್ರ ಎಲ್ಲಾ ಆ ಸಾಲಿನ ಬಗ್ಗೆನೇ! ಸರಿ, ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀನಿ. ಪತ್ರಗಳನ್ನ ಸ್ವಲ್ಪ ಮೊಟಕು ಮಾಡಿದೀನಿ, ಹೆಸರು ಹಾಕಿಲ್ಲ.

ಪ್ರಶ್ನೆ: ನೂರು ವರ್ಷ ದಾಟಿರೋ ಮನೆ ತಗೊಂಡಿದೀವಿ. ಬಾಗಿಲು, ಕಿಟಕಿ, ಮೆಟ್ಟಿಲಿನ ಕಟಾಂಜನ, ಎಲ್ಲದರ ಮೇಲೂ ಕೋಟ್ ಮೇಲೆ ಕೋಟ್ ಪೇಂಟ್ ಕೂತು ಕೆತ್ತನೆನೇ ಮುಚ್ಚಿಹೋಗಿದೆ. ಗ್ರೈಂಡರ್ ಹಾಕಿದ್ರೆ ಎರಡೇ ದಿನದಲ್ಲಿ ಬರೀ ಮರ ಕಾಣೋ ಹಾಗೆ ಮಾಡಿಕೊಡ್ತೀನಿ ಅಂತ ಪೇಂಟರ್ ಹೇಳ್ತಿದಾರೆ. ಮಾಡಿಸ್ಬಹುದಾ?

ಉತ್ತರ: ಬೇಡ. ಗ್ರೈಂಡರ್ ಅಂತೂ ಮನೆ ಒಳಗೆ ತರೋದೇ ಬೇಡ.

ಯಾಕೆ ಅಂದ್ರೆ, ಆ ಕಾಲದ ಒಳ್ಳೇ ಎಣ್ಣೆ ಪೇಂಟ್ ಅಂದ್ರೆ ಅಗಸೆ ಎಣ್ಣೇಲಿ ಬಿಳಿ ಸೀಸ ಅರೆದು ಮಾಡಿದ್ದು. ಚೆನ್ನಾಗಿ ಮುಚ್ಚತ್ತೆ, ನೀರು ತಡೆಯತ್ತೆ, ಮರ ಹಿಗ್ಗಿ ಕುಗ್ಗಿದ್ರೂ ಬಿರುಕು ಬಿಡಲ್ಲ, ಅದಕ್ಕೇ ಎಲ್ಲರೂ ಅದನ್ನೇ ಹೊಡೀತಿದ್ರು. ಕಬ್ಬಿಣಕ್ಕೆ ಹೊಡೀತಿದ್ದ ಕಿತ್ತಳೆ ಬಣ್ಣದ ಪ್ರೈಮರ್‌ನಲ್ಲಿ ಕೆಂಪು ಸೀಸ ಇರ್ತಿತ್ತು, ಕ್ರೋಮ್ ಹಳದಿ ಅನ್ನೋದು ಸೀಸದ್ದೇ ಇನ್ನೊಂದು ರೂಪ, ಬೇಗ ಒಣಗಲಿ ಅಂತ ಹಾಕೋ ಡ್ರೈಯರ್‌ನಲ್ಲೂ ಸೀಸ. ಅಮೆರಿಕದ ಪರಿಸರ ಇಲಾಖೆಯ ಅಂದಾಜು ಏನಪ್ಪಾ ಅಂದ್ರೆ ಅಲ್ಲಿ 1940ಕ್ಕಿಂತ ಮುಂಚೆ ಕಟ್ಟಿದ ಮನೆಗಳಲ್ಲಿ 87 ಪರ್ಸೆಂಟ್ ಮನೇಲಿ ಎಲ್ಲಾದ್ರೂ ಒಂದು ಕಡೆ ಲೆಡ್ ಪೇಂಟ್ ಇದೆ. ಹಾಗಾಗಿ ನಿಮ್ಮ ಮನೆ ವಯಸ್ಸಿಗೆ, ಟೆಸ್ಟ್ ಮಾಡಿಸಿ ಇಲ್ಲ ಅಂತ ಗೊತ್ತಾಗೋವರೆಗೂ ಇದೆ ಅಂತಾನೇ ಅಂದ್ಕೊಳ್ಳಿ.

ಈಗ ಗ್ರೈಂಡರ್ ಏನು ಮಾಡತ್ತೆ ನೋಡಿ. ಮರಕ್ಕೆ ಗಟ್ಟಿಯಾಗಿ ಅಂಟಿಕೊಂಡು ಯಾರಿಗೂ ತೊಂದ್ರೆ ಕೊಡದೆ ಕೂತಿದ್ದ ಪೇಂಟನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಮಾಡಿ ಇಡೀ ಮನೆಗೆ ಹರಡತ್ತೆ. ದೊಡ್ಡ ಚಕ್ಕೆ ಆದ್ರೆ ಆರಿಸಿ ಹಾಕಬಹುದು, ಈ ಪುಡಿ ನೆಲದ ಸಂದಿ, ಹಾಸಿಗೆ, ಬಟ್ಟೆ ಎಲ್ಲಾ ಕಡೆ ಸೇರಿಕೊಂಡು ಆಮೇಲೆ ಕೈಯಿಂದ ಬಾಯಿಗೆ ಹೋಗತ್ತೆ, ಕೆಲಸ ಮಾಡೋನಿಗಂತೂ ನೇರ ಶ್ವಾಸಕೋಶಕ್ಕೆ. ಆ ಪೇಂಟರ್ ಬೇಕು ಅಂತ ಕೆಟ್ಟದ್ದು ಹೇಳ್ತಿಲ್ಲ, ಮೊದಲು ಹಾಳಾಗೋದು ಅವರ ಆರೋಗ್ಯನೇ ಅಂತ ಅವರಿಗೆ ಯಾರೂ ಹೇಳಿರಲ್ಲ.

ಮನೆಗೂ ನಷ್ಟ. ಗ್ರೈಂಡರ್ ಬಿಲ್ಲೆ ತಿರುಗಿದ ಕಡೆ ಅರ್ಧಚಂದ್ರಾಕಾರದ ಗೀರು ಬೀಳತ್ತೆ, ಕೆತ್ತನೆಯ ಚೂಪಾದ ಅಂಚೆಲ್ಲಾ ಮೊಂಡಾಗತ್ತೆ, ಅದು ವಾಪಸ್ ಬರಲ್ಲ. ಇನ್ನೊಂದು ಮಾತು, ಇದು ನನ್ನ ಅಭಿಪ್ರಾಯ, ಬೈದ್ರೂ ಪರವಾಗಿಲ್ಲ: ಹಳೇ ಮನೆ ಅಂದ್ರೆ ಬರೀ ಮರ ಕಾಣ್ಬೇಕು ಅನ್ನೋದು ಈಚಿನ ಶೋಕಿ. ಎಷ್ಟೋ ಮನೆಗಳಲ್ಲಿ ಆ ಮರವನ್ನ ಪೇಂಟ್ ಹೊಡೆಯೋಕೆ ಅಂತಾನೇ ಹಾಕಿರ್ತಾರೆ, ಗಂಟುಗಳಿರೋ ಸಾಧಾರಣ ಮರ, ಮೊದಲ ದಿನದಿಂದಲೂ ಅದು ಬರಿ ಮೈಯಲ್ಲಿ ಇದ್ದಿದ್ದೇ ಇಲ್ಲ. ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್‌ನೋರು ಪಾರಂಪರಿಕ ಮನೆಗಳ ಲೆಡ್ ಪೇಂಟ್ ಬಗ್ಗೆನೇ ಒಂದು ಮಾರ್ಗಸೂಚಿ ಮಾಡಿದಾರೆ, ಅಲ್ಲೂ ಇರೋದು ಇದೇ, ಅಪಾಯ ಇರೋ ಕಡೆ ಎಷ್ಟು ಬೇಕೋ ಅಷ್ಟು ಮಾಡಿ, ಮನೆಯ ಮೂಲ ಮರಗೆಲಸ ಆದಷ್ಟು ಉಳಿಸಿ ಅಂತ. ಅದಕ್ಕೆ ನಿಮ್ಮ ಮನೇಲಿ ಮೊದಲು ಪೇಂಟ್ ಎಲ್ಲಿ ಏಳ್ತಾ ಇದೆ, ಎಲ್ಲಿ ಉಜ್ಜಿಕೊಳ್ತಾ ಇದೆ, ಮಗು ಬಾಯಿ ಹಾಕೋ ಎತ್ತರದಲ್ಲಿ ಏನಿದೆ, ಅಷ್ಟು ಗುರುತು ಮಾಡ್ಕೊಳ್ಳಿ. ಗಟ್ಟಿಯಾಗಿರೋ ಕಡೆ ಕೈ ಹಾಕೋ ಅಗತ್ಯನೇ ಇಲ್ಲ.

ಪ್ರಶ್ನೆ: ಸೀಸ ಇದೆಯೋ ಇಲ್ವೋ ಅಂತ ಮನೇಲೇ ಗೊತ್ತು ಮಾಡ್ಕೊಳ್ಳೋಕೆ ಆಗತ್ತಾ? ಆನ್‌ಲೈನ್‌ನಲ್ಲಿ ಸಿಗೋ ಕಿಟ್ ನಂಬಬಹುದಾ?

ಉತ್ತರ: ಅರ್ಧ ನಂಬಬಹುದು. ಕಡ್ಡಿ ತರ ಬರೋ ಕಿಟ್‌ನಲ್ಲಿ ರೋಡಿಜೊನೇಟ್ ಅನ್ನೋ ಕೆಮಿಕಲ್ ಇರತ್ತೆ, ಸೀಸ ಸಿಕ್ಕಿದ್ರೆ ಗುಲಾಬಿ ಇಲ್ಲಾ ಕೆಂಪಿಗೆ ತಿರುಗತ್ತೆ. ಆದ್ರೆ ಮೇಲೆ ಮೇಲೆ ಉಜ್ಜಿದ್ರೆ ಮೊನ್ನೆ ಹೊಡೆದ ಹೊಸ ಪೇಂಟ್ ಟೆಸ್ಟ್ ಆಗತ್ತೆ ಅಷ್ಟೇ. ಚೂಪು ಬ್ಲೇಡಲ್ಲಿ ಓರೆಯಾಗಿ ಮರ ಕಾಣೋವರೆಗೂ ಸಣ್ಣದಾಗಿ ಕೊಯ್ದು, ಎಲ್ಲಾ ಪದರನೂ ಕಾಣೋ ಹಾಗೆ ಮಾಡಿ ಅದರ ಮೇಲೆ ಉಜ್ಜಬೇಕು. ಗೋಡೆಯ ಪ್ಲಾಸ್ಟರ್ ಪುಡಿ ಸೇರಿಕೊಂಡ್ರೆ ಸೀಸ ಇದ್ರೂ ಬಣ್ಣ ಬರದೇ ಇರಬಹುದು, ಕೆಂಪು ಪೇಂಟ್ ಇದ್ರೆ ಅದೇ ಕಡ್ಡಿಗೆ ಹತ್ತಿ ಮೋಸ ಮಾಡತ್ತೆ. ಹಾಗಾಗಿ ಕೆಂಪಾದ್ರೆ ಹುಷಾರಾಗಿ, ಆಗಲಿಲ್ಲ ಅಂದ್ರೆ ಸಂತೋಷಪಡೋಕೆ ಹೋಗ್ಬೇಡಿ. ಸರಿಯಾಗಿ ಗೊತ್ತಾಗ್ಬೇಕು ಅಂದ್ರೆ ಚಕ್ಕೆಯನ್ನ ಪೂರ್ತಿ ಪದರ ಸಮೇತ ಲ್ಯಾಬ್‌ಗೆ ಕಳಿಸಿ, ಇಲ್ಲಾ ಎಕ್ಸ್-ರೇ ಹಾಯಿಸಿ ಸೀಸ ಪತ್ತೆ ಮಾಡೋ ಎಕ್ಸ್‌ಆರ್‌ಎಫ್ ಮೆಷಿನ್ ಇರೋರನ್ನ ಕರೆಸಿ. ಅದು ಕೈಯಲ್ಲಿ ಹಿಡಿಯೋ ಗನ್ ತರ ಇರತ್ತೆ, ಕೆರೆಯದೆ ಕೊಯ್ಯದೆ ಒಳಗಿನ ಪದರದಲ್ಲಿರೋ ಸೀಸನೂ ಹೇಳತ್ತೆ. ಪಾರಂಪರಿಕ ಮನೆಗೆ ಇದೇ ವಾಸಿ.

ಪ್ರಶ್ನೆ: ನಮ್ಮ ಮಗೂಗೆ ಎರಡು ವರ್ಷ. ಹೋದ ವಾರ ಗೊತ್ತಿಲ್ದೆ ಅವನ ರೂಮಿನ ಕಿಟಕೀನ ಒಣ ಸ್ಯಾಂಡ್ ಪೇಪರ್ ಹಾಕಿ ಉಜ್ಜಿಬಿಟ್ವಿ. ಈಗ ನಿಮ್ಮ ಸಾಲು ಓದಿ ನಿದ್ದೆ ಬರ್ತಿಲ್ಲ. ಮಗು ಆರಾಮಾಗಿ ಆಡ್ತಿದಾನೆ.

ಉತ್ತರ: ಹೆದರ್ಬೇಡಿ, ಆದ್ರೆ ಆಡ್ತಿದಾನೆ ಅಂತ ಸುಮ್ನೆ ಕೂರ್ಬೇಡಿ. ಸೀಸ ಸ್ವಲ್ಪ ಮಟ್ಟಕ್ಕೆ ಏರಿದಾಗ ಹೊರಗೆ ಏನೂ ಕಾಣಲ್ಲ, ಅದೇ ಕಷ್ಟ. ಮಕ್ಕಳ ಡಾಕ್ಟರ್ ಹತ್ರ ಹೋಗಿ ನಡೆದಿದ್ದನ್ನ ಹಾಗೇ ಹೇಳಿ ರಕ್ತದಲ್ಲಿ ಸೀಸದ ಟೆಸ್ಟ್ ಮಾಡಿಸಿ, ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಜಾಸ್ತಿ ಬಂದ್ರೆ ರಕ್ತನಾಳದಿಂದ ತೆಗೆದು ಇನ್ನೊಂದು ಸಲ ನೋಡ್ತಾರೆ, ಯಾಕಂದ್ರೆ ಬೆರಳಲ್ಲಿ ಧೂಳು ಇದ್ರೂ ಲೆಕ್ಕ ಜಾಸ್ತಿ ತೋರಿಸತ್ತೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಿಂದ ಮಕ್ಕಳಿಗೆ ಡೆಸಿಲೀಟರ್‌ಗೆ 3.5 ಮೈಕ್ರೋಗ್ರಾಂ ಅನ್ನೋ ಗೆರೆ ಇಟ್ಟಿದೆ, ಅದಕ್ಕಿಂತ ಮೇಲಿದ್ರೆ ಮೂಲ ಹುಡುಕಿ ಅಂತ. ಔಷಧಿ ಕೊಟ್ಟು ಸೀಸ ಹೊರಗೆ ಹಾಕಿಸೋ ಮಾತು ಸಾಮಾನ್ಯವಾಗಿ ಬರೋದು 45ರ ಆಚೆ. ಕೆಳಗಿನ ಮಟ್ಟಕ್ಕೆ ಮದ್ದು ಅಂದ್ರೆ ಮತ್ತೆ ಸೀಸ ಒಳಗೆ ಹೋಗದ ಹಾಗೆ ನೋಡ್ಕೊಳ್ಳೋದು, ಜೊತೆಗೆ ಕಬ್ಬಿಣ ಕ್ಯಾಲ್ಸಿಯಂ ಕಮ್ಮಿ ಆಗದ ಹಾಗೆ ಊಟ, ಅವು ಕಮ್ಮಿ ಇದ್ರೆ ಮೈ ಸೀಸವನ್ನ ಜಾಸ್ತಿ ಹೀರ್ಕೊಳ್ಳತ್ತೆ. ದೊಡ್ಡೋರಿಗಿಂತ ಮಕ್ಕಳು ನುಂಗಿದ ಸೀಸವನ್ನ ನಾಲ್ಕೈದು ಪಟ್ಟು ಹೆಚ್ಚು ಹೀರ್ಕೊಳ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಇಷ್ಟಿದ್ರೆ ತೊಂದ್ರೆ ಇಲ್ಲ ಅನ್ನೋ ಮಟ್ಟನೇ ಇಲ್ಲ ಅಂತಾನೂ ಅದೇ ಹೇಳತ್ತೆ.

ಇವತ್ತೇ ಮಾಡೋದು: ಮಗೂನ ಬೇರೆ ರೂಮಲ್ಲಿ ಮಲಗಿಸಿ. ಆ ರೂಮನ್ನ ಪೊರಕೇಲಿ ಗುಡಿಸ್ಬೇಡಿ, ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಹಾಕ್ಬೇಡಿ, ಅದು ಮುಂದೆ ಎಳ್ಕೊಂಡ ಸಣ್ಣ ಧೂಳನ್ನ ಹಿಂದಿನಿಂದ ಗಾಳಿಗೆ ಊದತ್ತೆ. ಸೋಪು ನೀರಲ್ಲಿ ಅದ್ದಿದ ಬಟ್ಟೇಲಿ ಕಿಟಕಿ, ಕಿಟಕಿ ಕೆಳಗಿನ ಗೋಡೆ, ಆಮೇಲೆ ನೆಲ ಒರೆಸಿ ಬಟ್ಟೆ ಎಸೀರಿ, ಹೊಸ ಬಟ್ಟೆ ತಗೊಳ್ಳಿ, ಒಂದೇ ಬಟ್ಟೆನ ಬಕೆಟ್‌ಗೆ ಅದ್ದಿ ಅದ್ದಿ ಒರೆಸಿದ್ರೆ ಧೂಳು ಜಾಗ ಬದಲಾಯಿಸತ್ತೆ ಅಷ್ಟೇ. ಮೆತ್ತನೆ ಆಟದ ಸಾಮಾನು ತೊಳೀರಿ. ಊಟಕ್ಕೆ ಮುಂಚೆ, ಮಲಗೋ ಮುಂಚೆ ಮಗು ಕೈ ತೊಳೆಸಿ. ಮನೇಲಿ ಬಸುರಿ ಹೆಂಗಸರು ಇದ್ರೆ ಈ ಕ್ಲೀನಿಂಗ್ ಅವರ ಕೈಲಿ ಮಾಡಿಸ್ಲೇಬೇಡಿ.

ಪ್ರಶ್ನೆ: ಮಕ್ಕಳಿಗೆ ಇದರಿಂದ ತೊಂದ್ರೆ ಅಂತ ಇತ್ತೀಚೆಗೆ ಕಂಡುಹಿಡಿದಿದ್ದಾ? ನಮ್ಮ ತಾತನ ಕಾಲದಲ್ಲಿ ಯಾರೂ ಸತ್ತಿದ್ದು ಕೇಳಿಲ್ಲ.

ಉತ್ತರ: ಇತ್ತೀಚೆಗೆ ಅಲ್ಲ ಸ್ವಾಮಿ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಅನ್ನೋ ಕಣ್ಣಿನ ಡಾಕ್ಟರ್ 1904ರಲ್ಲೇ ಬರೆದಿದ್ರು, ಮಕ್ಕಳಿಗೆ ಬರ್ತಿರೋ ಸೀಸದ ವಿಷ ಮನೆಯ ಪೇಂಟ್ ಹೊಡೆದ ಕಟಾಂಜನ ಮತ್ತು ಗೋಡೆಯಿಂದ ಅಂತ. ಬಿಸಿಲಿಗೆ ಪುಡಿಯಾದ ಪೇಂಟ್ ಕೈಗೆ ಹತ್ತಿ ಬಾಯಿಗೆ ಹೋಗ್ತಿತ್ತು. ಫ್ರಾನ್ಸ್ 1909ರಲ್ಲಿ ಬಿಳಿ ಸೀಸದ ಮೇಲೆ ಕಾನೂನು ತಂತು, 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಪೇಂಟರ್‌ಗಳನ್ನ ಉಳಿಸೋಕೆ ಒಂದು ಒಪ್ಪಂದ ಮಾಡ್ತು. ಅಮೆರಿಕ ಎಚ್ಚೆತ್ತು ಮನೆಗೆ ಹೊಡೆಯೋ ಲೆಡ್ ಪೇಂಟ್ ನಿಷೇಧಿಸಿದ್ದು 1978ಕ್ಕೆ, ಭಾರತದಲ್ಲಿ ಪೇಂಟ್‌ನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿಯ ನಿಯಮ ಬಂದಿದ್ದು 2016ಕ್ಕೆ. ತಾತನ ಕಾಲದಲ್ಲಿ ಯಾರೂ ರಕ್ತ ಟೆಸ್ಟ್ ಮಾಡ್ಲಿಲ್ಲ, ಅದಕ್ಕೇ ಕೇಳಿಲ್ಲ.

ಪ್ರಶ್ನೆ: ನಮ್ಮ ಮುಂಬಾಗಿಲ ಕೆತ್ತನೆ ತುಂಬಾ ಸೂಕ್ಷ್ಮವಾಗಿದೆ, ಪೇಂಟ್ ಎಲ್ಲಾ ಹಕ್ಕಳೆ ಹಕ್ಕಳೆಯಾಗಿ ಏಳ್ತಿದೆ. ಇದನ್ನಾದ್ರೂ ಪೂರ್ತಿ ತೆಗೀಲೇಬೇಕು. ಹೀಟ್ ಗನ್ನಾ, ಕೆಮಿಕಲ್ಲಾ, ಅಥವಾ ಬಾಗಿಲು ಬಿಚ್ಚಿ ಕಾಸ್ಟಿಕ್ ಸೋಡಾ ತೊಟ್ಟಿಗೆ ಹಾಕಿಸೋದಾ?

ಉತ್ತರ: ಒಪ್ಪಿದೆ, ಇದು ತೆಗೆಯೋ ಕೇಸೇ. ಮೊದಲು ತೊಟ್ಟಿ ಮಾತು ಮುಗಿಸ್ತೀನಿ. ಕಾಸ್ಟಿಕ್‌ನಲ್ಲಿ ಮುಳುಗಿಸಿದ್ರೆ ಪೇಂಟ್ ಜೊತೆ ಜೋಡಣೆಯ ಹಳೇ ಸರೇಸೂ ಕರಗತ್ತೆ, ಮರದ ನಾರು ಎದ್ದು ನಿಲ್ಲತ್ತೆ, ಒಳಗೆ ಉಳಿದ ಕಾಸ್ಟಿಕ್ ಆಮೇಲೆ ಹೊಡೆದ ಹೊಸ ಪೇಂಟನ್ನೂ ಏಳಿಸತ್ತೆ. ಕೆತ್ತನೆ ಬಾಗಿಲಿಗೆ ಅದು ಬೇಡ.

ಬೆಂಕಿ ಉಗುಳೋ ಬ್ಲೋ ಲ್ಯಾಂಪ್ ಕೂಡ ಬೇಡ, ಸೀಸದ ಹೊಗೆ ನೇರ ಉಸಿರಿಗೆ, ಅಮೆರಿಕದಲ್ಲಿ ಲೆಡ್ ಪೇಂಟ್ ಮೇಲೆ ಅದನ್ನ ನಿಷೇಧಿಸಿದಾರೆ. ಹೀಟ್ ಗನ್‌ಗೂ ಅಲ್ಲಿ 1100 ಡಿಗ್ರಿ ಫ್ಯಾರನ್‌ಹೀಟ್ ಮಿತಿ, ಅಂದ್ರೆ ಸುಮಾರು 593 ಸೆಲ್ಸಿಯಸ್. ಆದ್ರೆ ಅಷ್ಟು ಬಿಸಿ ಯಾಕೆ ಬೇಕು, ಪೇಂಟ್ ಮೆತ್ತಗಾಗೋಕೆ ಇನ್ನೂರು ಮುನ್ನೂರು ಸಾಕು, ಅದರ ಮೇಲೆ ಹೋದ್ರೆ ಮರ ಕರಕಾಗತ್ತೆ. ದಾರಂದದ ಹಿಂದೆ ಟೊಳ್ಳು ಇರತ್ತೆ, ಅಲ್ಲಿ ವರ್ಷಗಳ ಧೂಳು, ಇಲಿ ಗೂಡು, ಬಿಸಿ ಗಾಳಿ ಒಳಗೆ ನುಗ್ಗಿ ಕಿಡಿ ಹತ್ತಿದ್ರೆ ಗೊತ್ತಾಗೋದು ಎಷ್ಟೋ ಹೊತ್ತಾದ ಮೇಲೆ. ಹಳೇ ಮನೆಗಳು ರಿಪೇರಿ ನಡೀತಿರುವಾಗಲೇ ಸುಟ್ಟು ಹೋಗೋದಕ್ಕೆ ಇದೂ ಒಂದು ಕಾರಣ. ಬಾಗಿಲು ಬಿಚ್ಚಿ ಹೊರಗಿಟ್ಟು ಮಾಡೋದಾದ್ರೆ ಇನ್‌ಫ್ರಾರೆಡ್ ಹೀಟರ್ ವಾಸಿ, ನಿಧಾನಕ್ಕೆ ಕಾಯಿಸತ್ತೆ, ಹಲವು ಪದರ ಒಟ್ಟಿಗೆ ಮೆತ್ತಗಾಗಿ ಪಟ್ಟಿ ಪಟ್ಟಿಯಾಗಿ ಬರತ್ತೆ, ಧೂಳಿಲ್ಲ. ಆದ್ರೆ ಅದು ಸಮತಟ್ಟಾದ ಹಲಗೆಗೆ. ಹತ್ರ ಗಾಜಿದ್ರೆ ಒಡೆಯತ್ತೆ.

ಕೆತ್ತನೆ ಇರೋ ಭಾಗಕ್ಕೆ ಪೇಸ್ಟ್ ರಿಮೂವರ್. ಡಬ್ಬಿ ತಿರುಗಿಸಿ ಓದಿ, ಮೆಥಿಲೀನ್ ಕ್ಲೋರೈಡ್ ಅಂತ ಇದ್ರೆ ವಾಪಸ್ ಇಡಿ. ಗಾಳಿ ಆಡದ ಕಡೆ ಅದರ ಹಬೆ ಕುಡಿದು ಕೆಲಸದವರು ಸತ್ತಿದಾರೆ, ಅಮೆರಿಕದಲ್ಲಿ 2019ರಲ್ಲಿ ಜನಸಾಮಾನ್ಯರಿಗೆ ಅಂತ ಪೇಂಟ್ ರಿಮೂವರ್‌ನಲ್ಲಿ ಅದನ್ನ ಮಾರೋದು ನಿಲ್ಲಿಸಿದ್ರು. ಬೆಂಜೈಲ್ ಆಲ್ಕೋಹಾಲ್ ಇರೋ ಜೆಲ್ ಸಿಗತ್ತೆ, ನಿಧಾನ, ಆದ್ರೆ ಸುರಕ್ಷಿತ. ದಪ್ಪಗೆ ಬಳಿದು ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಿಡಿ, ಒಣಗೋಕೆ ಬಿಡಬಾರ್ದು. ಹಾಳೆ ಎತ್ತಿದಾಗ ಪೇಂಟ್ ಸುಕ್ಕುಗಟ್ಟಿ ಕೆಸರಾಗಿರತ್ತೆ. ಅದನ್ನ ಬಿದಿರು ಕಡ್ಡಿ ಚೂಪು ಮಾಡ್ಕೊಂಡು ಎಲೆ ಬಳ್ಳಿಯ ಸಂದಿಯಿಂದ ಎತ್ತಿ, ನೈಲಾನ್ ಬ್ರಷ್‌ನಲ್ಲಿ ಮೆಲ್ಲಗೆ ತಿಕ್ಕಿ. ತಂತಿ ಬ್ರಷ್ ಬೇಡ, ಸ್ಕ್ರೂಡ್ರೈವರ್ ಅಂತೂ ಬೇಡವೇ ಬೇಡ. ಒಂದೇ ಸಲಕ್ಕೆ ಬರಲ್ಲ, ಮತ್ತೆ ಬಳೀಬೇಕು, ಒಂದು ಬಾಗಿಲಿಗೆ ವಾರಗಟ್ಟಲೆ ಹಿಡಿದ್ರೂ ಆಶ್ಚರ್ಯ ಇಲ್ಲ. ಕಾಸ್ಟಿಕ್ ಪೇಸ್ಟ್ ಬೇಗ ಕೆಲಸ ಮಾಡತ್ತೆ ನಿಜ, ಆದ್ರೆ ಕೆಲವು ಗಟ್ಟಿ ಮರ ಅದಕ್ಕೆ ಕಪ್ಪಾಗತ್ತೆ, ಮೊದಲು ಕಾಣದ ಮೂಲೇಲಿ ಬಳಿದು ನೋಡಿ. ಯಾವುದೇ ಆಗಲಿ ಕೊನೇಲಿ ಡಬ್ಬಿ ಮೇಲೆ ಹೇಳಿದ ಹಾಗೆ ಸರಿಯಾಗಿ ತೊಳೆದು ಪೂರ್ತಿ ಒಣಗಿಸಿ.

ಒಂದು ಬೇಡಿಕೆ. ಹಿಂಜಿನ ಹಿಂದೆ ಅಥವಾ ಬಾಗಿಲಿನ ಮೇಲಂಚಲ್ಲಿ ಬೆಂಕಿಪೊಟ್ಟಣದಷ್ಟು ಜಾಗ ಹಳೇ ಪೇಂಟ್ ಹಾಗೇ ಬಿಡಿ, ಮೇಲೆ ಹೊಸ ಪೇಂಟ್ ಹೊಡೆದು ಮುಚ್ಚಿ, ಎಲ್ಲಿ ಬಿಟ್ಟಿದೀವಿ ಅಂತ ಬರೆದಿಡಿ. ಆ ಮನೆಗೆ ಯಾವ ಕಾಲದಲ್ಲಿ ಯಾವ ಬಣ್ಣ ಇತ್ತು ಅನ್ನೋದಕ್ಕೆ ಉಳಿಯೋ ದಾಖಲೆ ಅದೊಂದೇ.

ಪ್ರಶ್ನೆ: ಹಳೇ ಮರದ ಕಿಟಕಿ ಎಲ್ಲಾ ಕಿತ್ತು ಹೊಸ ಪ್ಲಾಸ್ಟಿಕ್ ಕಿಟಕಿ ಹಾಕಿಬಿಟ್ರೆ ಸೀಸದ ತಲೆನೋವೇ ಇರಲ್ಲ ಅಲ್ವಾ?

ಉತ್ತರ: ಕೀಳೋವಾಗಲೇ ಸಿಕ್ಕಾಪಟ್ಟೆ ಧೂಳು ಬರತ್ತೆ, ಅದು ಯಾರೂ ಹೇಳಲ್ಲ. ಕಿಟಕೀಲಿ ಅಪಾಯ ಇರೋದು ಉಜ್ಜೋ ಜಾಗದಲ್ಲಿ. ಕದ ಚೌಕಟ್ಟಿಗೆ ತಾಗೋ ಅಂಚು ನೋಡಿ, ಪೇಂಟ್ ಸವೆದು ಹೊಳೀತಿರತ್ತೆ, ಒಂದೊಂದು ಸಲ ತೆಗೆದು ಹಾಕಿದಾಗಲೂ ಅಲ್ಲಿಂದ ಚೂರು ಪುಡಿ ಉದುರಿ ಕೆಳಗಿನ ತೊಟ್ಟಿಲಂಥ ತಗ್ಗಲ್ಲಿ ಬೂದಿ ಬಣ್ಣದ ಧೂಳಾಗಿ ಕೂರತ್ತೆ. ಮಕ್ಕಳು ಕೈ ಊರೋದು ಅಲ್ಲೇ. ಕದ ಬಿಚ್ಚಿ ಆ ಅಂಚುಗಳನ್ನ ಮಾತ್ರ ಮರದವರೆಗೂ ತೆಗೆಸಿ, ಜೋತು ಬಿದ್ದ ಹಿಂಜ್ ಸರಿಮಾಡಿ ಉಜ್ಜದ ಹಾಗೆ ಕೂರಿಸಿ, ಕೆಳಗಿನ ತಗ್ಗಿಗೆ ಲೋಹದ ತಗಡು ಹಾಕಿಸಿದ್ರೆ ಒದ್ದೆ ಬಟ್ಟೇಲಿ ಒರೆಸೋಕೆ ಸುಲಭ. ಹಳೇ ಕಿಟಕಿಯ ಮರ ಒಳ್ಳೇದಾಗಿದ್ರೆ ರಿಪೇರಿ ಮಾಡ್ತಾ ಇನ್ನೊಂದು ತಲೆಮಾರು ಓಡಿಸ್ಬಹುದು. ಪ್ಲಾಸ್ಟಿಕ್ ಕಿಟಕಿ ಕೆಟ್ರೆ ಬಹಳ ಸಲ ರಿಪೇರಿ ಅಂತ ಇಲ್ಲ, ಬದಲಾಯಿಸೋದೇ. ಹಳೇ ಗಾಜಿನ ಅಲೆಅಲೆ ಹೊಳಪು ಹೋದ್ರೆ ಹೋಯ್ತು.

ಪ್ರಶ್ನೆ: ಇಷ್ಟೆಲ್ಲಾ ಯಾಕೆ, ಮೇಲೆ ಒಂದು ಕೋಟ್ ಹೊಸ ಪೇಂಟ್ ಹೊಡೆದ್ರೆ ಸಾಲದಾ?

ಉತ್ತರ: ಗಟ್ಟಿಯಾಗಿರೋ ಗೋಡೆ, ಹಲಗೆಗೆ ಎಷ್ಟೋ ಸಲ ಸಾಕು. ಸಡಿಲ ಇರೋ ಕಡೆ ಮೊದಲು ಸ್ಪ್ರೇ ಬಾಟಲಿಂದ ನೀರು ಚಿಮುಕಿಸಿ, ಒದ್ದೆ ಇರೋವಾಗಲೇ ಚೂಪು ಸ್ಕ್ರೇಪರ್‌ನಲ್ಲಿ ಎದ್ದಿರೋದನ್ನ ಮಾತ್ರ ಕೆರೆದು, ಅಂಚನ್ನ ಒದ್ದೆ ಸ್ಯಾಂಡಿಂಗ್ ಸ್ಪಾಂಜ್‌ನಲ್ಲಿ ತೀಡಿ, ಒಣಗಿದ ಮೇಲೆ ಪ್ರೈಮರ್ ಹಾಕಿ ಪೇಂಟ್ ಹೊಡೀರಿ. ಕರೆಂಟ್ ಬೋರ್ಡ್ ಸುತ್ತ ನೀರು ಬೇಡ. ಎನ್‌ಕ್ಯಾಪ್ಸುಲೆಂಟ್ ಅಂತ ದಪ್ಪನೆ ಲೇಪನ ಬೇರೆ ಸಿಗತ್ತೆ, ಅದು ಇನ್ನೂ ಗಟ್ಟಿ, ಆದ್ರೆ ಕೆತ್ತನೆ ಮೇಲೆ ಹಚ್ಚಿದ್ರೆ ವಿವರ ಎಲ್ಲಾ ತುಂಬಿಹೋಗತ್ತೆ, ಉಜ್ಜೋ ಜಾಗದಲ್ಲಿ ನಿಲ್ಲಲ್ಲ. ಗೋಡೆ ಸೋರ್ತಿದ್ರೆ ಯಾವ ಲೇಪನನೂ ನಿಲ್ಲಲ್ಲ, ಮೊದಲು ಸೋರಿಕೆ ನಿಲ್ಲಿಸಿ. ವರ್ಷಕ್ಕೊಂದ್ಸಲ ಎಲ್ಲಾದ್ರೂ ಎದ್ದಿದೆಯಾ ಅಂತ ಮನೆ ಸುತ್ತಿ ನೋಡ್ತಿರಿ.

ಪ್ರಶ್ನೆ: ಮುಖಕ್ಕೆ ಕರ್ಚೀಫ್ ಕಟ್ಕೊಂಡ್ರೆ ಸಾಕಾ?

ಉತ್ತರ: ಸಾಲದು. ತುಂಬಾ ಸಣ್ಣ ಧೂಳನ್ನೂ ತಡೆಯೋ ಪಿ100 ಫಿಲ್ಟರ್ ಇರೋ ಅರ್ಧಮುಖದ ಮಾಸ್ಕ್ ಬೇಕು. ಗಡ್ಡ ಇದ್ರೆ ಅದೂ ಸರಿಯಾಗಿ ಕೂರಲ್ಲ, ಬೋಳಿಸಿ ಇಲ್ಲಾ ಬೇರೆಯವರಿಗೆ ಕೆಲಸ ಬಿಡಿ.

ಪ್ರಶ್ನೆ: ಮನೆ ಹೊರಗಿನ ಕಬ್ಬಿಣದ ಸರಳು, ಇಟ್ಟಿಗೆ ಗೋಡೆಗೆ ಮರಳು ಬ್ಲಾಸ್ಟಿಂಗ್ ಮಾಡಿಸೋಣ ಅಂತಿದೀವಿ. ಕೆರೆದ ಚಕ್ಕೆಯನ್ನ ಸುಟ್ಟುಬಿಡಬಹುದಾ?

ಉತ್ತರ: ಎರಡೂ ಬೇಡ. ಬ್ಲಾಸ್ಟಿಂಗ್‌ನಲ್ಲಿ ಸೀಸ ಅಕ್ಕಪಕ್ಕದವರ ಅಂಗಳಕ್ಕೂ ಹೋಗತ್ತೆ, ಹಳೇ ಇಟ್ಟಿಗೆಯ ಸುಟ್ಟ ಗಟ್ಟಿ ಮುಖ ಕಿತ್ತು ಹೋದ್ರೆ ಒಳಗಿನ ಮೆದು ಭಾಗ ಮಳೆಗೆ ಕರಗೋಕೆ ಶುರು. ಸರಳು ಬಿಚ್ಚೋಕೆ ಬರೋದಾದ್ರೆ ಬಿಚ್ಚಿ, ಧೂಳು ಹಿಡಿಯೋ ವ್ಯವಸ್ಥೆ ಇರೋ ವರ್ಕ್‌ಶಾಪ್‌ಗೆ ಕೊಡಿ. ಮನೆ ಸುತ್ತ ಕೆರೆಯೋವಾಗ ಗೋಡೆ ಬುಡದಿಂದ ಹಿಡಿದು ದೂರದವರೆಗೂ ದಪ್ಪ ಪ್ಲಾಸ್ಟಿಕ್ ಹಾಸಿ, ಗಾಳಿ ಜೋರಿದ್ರೆ ಕೆಲಸ ನಿಲ್ಲಿಸಿ. ಗೋಡೆ ಬುಡದ ಮಣ್ಣಲ್ಲಿ ವರ್ಷಗಳಿಂದ ಉದುರಿದ ಸೀಸ ಇದ್ದೇ ಇರತ್ತೆ, ಅಲ್ಲಿ ಮಕ್ಕಳು ಆಡ್ಬಾರ್ದು, ತಿನ್ನೋ ಗಿಡ ಹಾಕ್ಬಾರ್ದು, ಹುಲ್ಲೋ ಪೊದೆನೋ ಬೆಳೆಸಿ ಮುಚ್ಚಿ. ಚಕ್ಕೆ ಸುಟ್ರೆ ಸೀಸ ಸುಡಲ್ಲ, ಹೊಗೆಗೂ ಬೂದಿಗೂ ಸೇರತ್ತೆ. ದಪ್ಪ ಕವರಲ್ಲಿ ಕಟ್ಟಿ, ಟೇಪ್ ಸುತ್ತಿ, ಅಪಾಯಕಾರಿ ಕಸಕ್ಕೆ ನಿಮ್ಮಲ್ಲಿ ಇರೋ ನಿಯಮದ ಪ್ರಕಾರ ಕೊಡಿ. ತೊಳೆದ ನೀರನ್ನ ಅಂಗಳಕ್ಕೂ ಮಳೆನೀರು ಚರಂಡಿಗೂ ಚೆಲ್ಲಬೇಡಿ.

ಪ್ರಶ್ನೆ: ಕೆಲಸ ಎಲ್ಲಾ ಮುಗೀತು. ರೂಮು ನೋಡೋಕೆ ಕ್ಲೀನ್ ಆಗಿದೆ. ಯಾವಾಗ ವಾಪಸ್ ಹೋಗಬಹುದು?

ಉತ್ತರ: ನೋಡೋಕೆ ಕ್ಲೀನ್ ಇದ್ರೆ ಸಾಲದು. ಕೆಲಸ ನಿಂತ ಮೇಲೆ ಕನಿಷ್ಠ ಒಂದು ಗಂಟೆ ಬಿಡಿ, ಗಾಳೀಲಿರೋದು ಕೆಳಗೆ ಕೂರಲಿ. ನೆಲಕ್ಕೆ ಹಾಸಿದ್ದ ಪ್ಲಾಸ್ಟಿಕ್ ಮೇಲೆ ನೀರು ಚಿಮುಕಿಸಿ ಒಳಮುಖವಾಗಿ ಮಡಚಿ ತೆಗೀರಿ. ಆಮೇಲೆ ಹೆಪಾ ವ್ಯಾಕ್ಯೂಮ್, 0.3 ಮೈಕ್ರಾನ್ ಕಣನೂ 99.97 ಪರ್ಸೆಂಟ್ ಹಿಡಿಯೋದು, ಬಾಡಿಗೆಗೆ ಸಿಕ್ಕಿದ್ರೆ ಸಾಕು. ಮೇಲಿಂದ ಕೆಳಗೆ ಹೊಡೆದು, ಒದ್ದೆ ಬಟ್ಟೇಲಿ ಒರೆಸಿ, ಒಣಗಿದ ಮೇಲೆ ಮತ್ತೆ ವ್ಯಾಕ್ಯೂಮ್. ಕೆಲಸದ ಬಟ್ಟೆ ಅಲ್ಲೇ ಬಿಚ್ಚಿ, ಬೇರೆಯಾಗಿ ಒಗೀರಿ, ತಲೆಸ್ನಾನ ಮಾಡಿ. ಆಮೇಲೆ ಧೂಳಲ್ಲಿ ಸೀಸ ಎಷ್ಟು ಉಳಿದಿದೆ ನೋಡೋಕೆ ನೆಲ, ಕಿಟಕಿ ಹಲಗೆ, ಕಿಟಕಿ ತಗ್ಗನ್ನ ವೈಪ್‌ನಲ್ಲಿ (ಒದ್ದೆ ಒರೆಸುವ ಹಾಳೆ) ಒರೆಸಿ ಲ್ಯಾಬ್‌ಗೆ ಕಳಿಸಿ. ಅಮೆರಿಕ 2024ರಲ್ಲಿ ಬಿಗಿ ಮಾಡಿದ ಮಟ್ಟ ಹೀಗಿದೆ: ಒಂದು ಚದರಡಿಗೆ ನೆಲದಲ್ಲಿ 5 ಮೈಕ್ರೋಗ್ರಾಂ, ಕಿಟಕಿ ಹಲಗೆ ಮೇಲೆ 40, ಕಿಟಕಿ ತಗ್ಗಲ್ಲಿ 100. ರಿಪೋರ್ಟ್ ಇದಕ್ಕಿಂತ ಕಮ್ಮಿ ಬಂದ ಮೇಲೆ ಮಂಚ ಒಳಗೆ ಹಾಕಿ. ಜಾಸ್ತಿ ಬಂದ್ರೆ ಮತ್ತೆ ಒರೆಸಿ ಮತ್ತೆ ಕಳಿಸೋದು, ಬಹಳ ಸಲ ಎರಡನೇ ಸಲ ಕಿಟಕಿ ತಗ್ಗು ಸರಿಯಾಗಿ ಒರೆಸಿದ್ರೇನೇ ಇಳಿಯತ್ತೆ.